ತಡಕ್ಕೊಂದು ಹಿಡಿ ಅರಳೆ

ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಗಾದಿ ಹೊಲಿಯುವ ಕರೀಮುನ್ನಿಸಾ, ಬಡ್ಡಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಹಾವು ತುಳಿದವಳ ಹಾಗೆ ಹೌಹಾರುತ್ತಿದ್ದಳು. ಆಕೆ ಸಾಲ ಮಾಡಿದವಳಲ್ಲ, ಕೊಟ್ಟವಳಂತೂ ಅಲ್ಲವೇ ಅಲ್ಲ. ಆದರೂ ಬಡ್ಡಿ ಅವಳ ಬೆನ್ನು ಬಿಟ್ಟಿರಲಿಲ್ಲ. ಬ್ಯಾಂಕಿನ ಉಳಿತಾಯ ಖಾತೆಗೆ ಅವಳನ್ನು ಒಂದು ಮಾತೂ ಕೇಳದೆ ಒಂದಿಷ್ಟು ಬಡ್ಡಿ ಬಂದು ಕೂರುತ್ತಿತ್ತು. ವರ್ಷಕ್ಕೊಮ್ಮೆ ಪಾಸ್‌ಬುಕ್ಕು ಹಿಡಿದು ಹೋಗಿ, ಬಡ್ಡಿ ಎಷ್ಟು ಬಿದ್ದಿದೆಯೋ ಅಷ್ಟನ್ನೇ ಬಿಡಿಸಿಕೊಂಡು, ಬಸ್ ನಿಲ್ದಾಣದ ಶೌಚಾಲಯ ತೊಳೆಯುವವನ ಕೈಗೆ ಫಿನೈಲಿಗೆಂದು ಹಾಕಿ ಬರುತ್ತಿದ್ದಳು. ಪುಣ್ಯ ಬರಲಿ ಎಂದಲ್ಲ. ಬಡ್ಡಿ ಹರಾಮು, ಮುಟ್ಟಬಾರದ್ದು, ಅಂಥ ರೊಕ್ಕ ಕೊಟ್ಟು ಪುಣ್ಯದ ಆಸೆ ಪಡಬಾರದೆಂದು ಅವಳ ಅಪ್ಪ ಕಲಿಸಿದ್ದ. ಊರಿನವರ ಬಡ್ಡಿ ಹೊಟ್ಟೆ ಸೇರುತ್ತದೆ, ನನ್ನದು ಎಲ್ಲಿ ಸೇರಬೇಕೋ ಅಲ್ಲಿಗೇ ಸೇರುತ್ತದೆ ಎಂದು ಹೇಳಿ ನಗುತ್ತಿದ್ದಳು. ಅವಳು ಬಾಗಿಲಲ್ಲಿ ಕಂಡರೆ ಬ್ಯಾಂಕಿನ ಗುಮಾಸ್ತ ಚಹಾ ಕುಡಿಯಲು ಎದ್ದು ಹೋಗುತ್ತಿದ್ದ.

ಅವಳ ಗಂಡ ಗೌಸಸಾಬ ಹುಟ್ಟಾ ಪಿಂಜಾರ. ಹೆಗಲ ಮೇಲೆ ಕಮಾನು ಹೊತ್ತು, ಗುಂಜಿಯಿಂದ ಹಿಡಿದು ಖಾನಾಪುರದವರೆಗೆ ಊರೂರು ತಿರುಗಿ, ಮನೆಮನೆಯ ಅಂಗಳದಲ್ಲಿ ಕೂತು ಹಳೆಯ ಗಾದಿಯ ಅರಳೆ ಹಿಂಜಿ ಹೊಸತು ಮಾಡಿಕೊಡುತ್ತಿದ್ದ. ಕಮಾನಿನ ತಂತಿ ಟಂಯ್ ಎಂದರೆ ಓಣಿಯ ಮಕ್ಕಳೆಲ್ಲ ಸುತ್ತ ಸೇರುತ್ತಿದ್ದವು. ಅವನಲ್ಲಿ ಒಂದು ರೂಢಿ ಇತ್ತು. ಹೇಳಿದ ದಿನಕ್ಕೆ ಗಾದಿ ಮುಗಿಯಲಿಲ್ಲವೋ, ತನ್ನ ಚೀಲದಿಂದಲೇ ಒಂದು ಹಿಡಿ ಹೊಸ ಅರಳೆ ತೆಗೆದು ಹೆಚ್ಚಿಗೆ ತುಂಬುತ್ತಿದ್ದ. ಅದಕ್ಕೆ ತಡದ ಹಿಡಿ ಎಂದು ಹೆಸರು. ಮದುವೆಯಾದ ಹೊಸತರಲ್ಲಿ ಕರೀಮುನ್ನಿಸಾ ಇದಕ್ಕಾಗಿ ಅವನೊಡನೆ ಜಗಳ ತೆಗೆಯುತ್ತಿದ್ದಳು. ಹೀಗೇ ಹಿಡಿ ಹಿಡಿ ಹಂಚಿದರೆ ನಮ್ಮ ಗಾದಿಯಲ್ಲಿ ಬರೀ ಬಟ್ಟೆ ಉಳಿದೀತು ಎನ್ನುತ್ತಿದ್ದಳು. ಅವನು ತೀರಿಕೊಂಡ ಮೇಲೆ ಯಾರೂ ಹೇಳದೆಯೇ ಆ ರೂಢಿಯನ್ನು ತಾನೇ ಹಿಡಿದುಕೊಂಡಳು.

ಮಗ ಅಮ್ಜದ ಕಮಾನು ಹಿಡಿಯಲಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಕ್ಕೆ ಸೇರಿ ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಒಂದು ಸಂಜೆ ಬೆಳಗಾವಿ ರಸ್ತೆಯ ತಿರುವಿನಲ್ಲಿ ಲಾರಿಯೊಂದು ಹಿಂದಿನಿಂದ ಬಂದು ಅವನನ್ನು ಹೊಡೆದು ಹಾಕಿತು. ತಪ್ಪು ಲಾರಿಯವನದೇ ಎಂದು ಕಂಡವರೆಲ್ಲ ಹೇಳಿದರು. ಹೇಳಿದರೆ ಮಗ ಎದ್ದು ಬರುತ್ತಾನೆಯೇ? ಸೊಸೆ ತರನ್ನುಮ ಎಳೆಯ ಕೂಸು ಅಲಿಶಾಳನ್ನು ಅತ್ತೆಯ ಮಡಿಲಿಗೆ ಹಾಕಿ, ಅದೇ ಉದ್ಯಮಬಾಗದ ಇನ್ನೊಂದು ಕಾರಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೊರಟಳು. ಹೋಗುವುದೂ ಅದೇ ರಸ್ತೆ, ಬರುವುದೂ ಅದೇ ರಸ್ತೆ. ಆ ತಿರುವು ಬಂದಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದು ಒಮ್ಮೆ ಹೇಳಿದ್ದಳು. ಆ ಮಾತು ಕರೀಮುನ್ನಿಸಾಳ ಎದೆಯಲ್ಲಿ ಮುಳ್ಳಿನಂತೆ ನಟ್ಟಿತ್ತು.

ಕೇಸು ವರ್ಷಗಟ್ಟಲೆ ನಡೆಯಿತು. ಕೊನೆಗೂ ನ್ಯಾಯಮಂಡಳಿ ಪರಿಹಾರ ಕೊಡಿಸಿತು, ಅರ್ಜಿ ಹಾಕಿದ ದಿನದಿಂದ ಬಡ್ಡಿಯನ್ನೂ ಸೇರಿಸಿ ಕೊಡಬೇಕೆಂದು ವಿಮಾ ಕಂಪನಿಗೆ ಹೇಳಿತು. ಅಸಲಿನ ಬಹುಭಾಗವನ್ನು ಕೂಸಿನ ಮುಂದಿನ ದಾರಿಗೆಂದು ಬ್ಯಾಂಕಿನಲ್ಲಿ ಠೇವಣಿ ಇಡಿಸಿತು. ಕೈಗೆ ಸಿಗುವುದರಲ್ಲಿ ಬಡ್ಡಿಯೇ ಹೆಚ್ಚು. ಅದು ಕಿವಿಗೆ ಬಿದ್ದಾಗ ಕರೀಮುನ್ನಿಸಾ ಅಂಗಳದಲ್ಲೇ ಕುಸಿದು ಕೂತಳು. ಮಗನ ಜೀವಕ್ಕೂ ಬಡ್ಡಿ ಹಚ್ಚಿದರಲ್ಲ ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಆ ಬಡ್ಡಿಯಲ್ಲಿ ಒಂದು ಪೈಸೆಯೂ ಈ ಹೊಸ್ತಿಲು ದಾಟಿ ಒಳಗೆ ಬರಕೂಡದು ಎಂದು ಅಪ್ಪಣೆ ಮಾಡಿದಳು. ಮನೆಯಲ್ಲಿ ಅವಳ ಮಾತು ಮೀರುವವರಿರಲಿಲ್ಲ.

ಆಗಲೇ ಅವಳು ಒಂದು ಘನಕಾರ್ಯ ಮಾಡಿದ್ದು. ಹಣ ಬರುವ ಮೊದಲು ವಕೀಲರು ಅತ್ತೆ ಸೊಸೆ ಇಬ್ಬರ ಪ್ಯಾನ್ ಕಾರ್ಡೂ ಕೇಳಿದ್ದರು. ಕಾರ್ಡು ಕೊಟ್ಟರೆ ಬಡ್ಡಿಯ ಮೇಲೆ ಹತ್ತರಲ್ಲಿ ಒಂದು ಪಾಲು ತೆರಿಗೆ ಹಿಡಿಯುತ್ತಾರೆ, ಕೊಡದಿದ್ದರೆ ಅದರ ಎರಡರಷ್ಟು ಹಿಡಿಯುತ್ತಾರೆ ಎಂದು ಎಚ್ಚರಿಸಿದ್ದರು. ಬೇರೆ ಯಾರಾದರೂ ಆಗಿದ್ದರೆ ಕಾರ್ಡು ಹುಡುಕಲು ಓಡುತ್ತಿದ್ದರು. ಕರೀಮುನ್ನಿಸಾ ತನ್ನದನ್ನು ಹುಡುಕಿ ಬಚ್ಚಿಟ್ಟಳು. ಬಡ್ಡಿಯನ್ನು ಸರ್ಕಾರ ಎಷ್ಟು ಹೆಚ್ಚು ತಿಂದರೆ ತನ್ನ ತಲೆಯ ಮೇಲಿನ ಭಾರ ಅಷ್ಟು ಕಡಿಮೆ ಎಂಬುದು ಅವಳ ಲೆಕ್ಕ. ಬಚ್ಚಿಟ್ಟದ್ದಾದರೂ ಎಲ್ಲಿ? ಅಮ್ಜದನ ತಲೆದಿಂಬಿನಲ್ಲಿ. ಗೌಸಸಾಬ ತನ್ನ ಕೈಯಾರೆ ಹಿಂಜಿ ತುಂಬಿದ ದಿಂಬು ಅದು. ಮಗ ಹೋದ ಮೇಲೆ ಟ್ರಂಕಿನ ಮೇಲೆ ಕೂತಿತ್ತು, ಅದನ್ನು ಬಿಚ್ಚುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳು ಒಂದು ಮೂಲೆಯ ಹೊಲಿಗೆ ಸಡಿಲಿಸಿ, ಕಣ್ಣು ಮುಚ್ಚಿ ಕಾರ್ಡು ತೂರಿಸಿ, ಮತ್ತೆ ಹೊಲಿದುಬಿಟ್ಟಳು. ತರನ್ನುಮ ಕಪಾಟು, ಟ್ರಂಕು, ಅಕ್ಕಿ ಡಬ್ಬಿ ಎಲ್ಲ ತಡಕಾಡಿ ಸೋತಳು. ಕಳೆದುಹೋಗಿರಬೇಕು ಎಂದು ಅತ್ತೆ ಮುಖ ತಿರುವಿಕೊಂಡು ಹೇಳಿದಳು. ಅವಳ ಪಾಲಿನ ಬಡ್ಡಿಯಲ್ಲಿ ಕಂಪನಿ ಎರಡರಷ್ಟೇ ಹಿಡಿಯಿತು.

ಅಷ್ಟರಲ್ಲಿ ತರನ್ನುಮಳ ತಲೆಯಲ್ಲಿ ಒಂದು ಯಂತ್ರ ತಿರುಗತೊಡಗಿತ್ತು. ಬೆಳಗಾವಿಯಲ್ಲಿ ಗಾದಿ ಅಂಗಡಿ ಇಟ್ಟಿದ್ದ ಶಶಿಧರ ಇನ್ನು ಫೋಮಿನ ಗಾದಿಯನ್ನಷ್ಟೇ ಮಾರುವುದೆಂದು ನಿಶ್ಚಯಿಸಿ, ತನ್ನ ಅರಳೆ ಹಿಂಜುವ ಮಷೀನು ಮಾರಾಟಕ್ಕಿಟ್ಟಿದ್ದ. ಅದೊಂದು ಮನೆಗೆ ಬಂದರೆ ತರನ್ನುಮ ಉದ್ಯಮಬಾಗದ ಬಸ್ಸು ಬಿಡಬಹುದು. ಅತ್ತೆ ಹೊಲಿಯುತ್ತಾಳೆ, ತಾನು ಹಿಂಜಬಹುದು, ಅಲಿಶಾ ಸಾಲೆ ಬಿಟ್ಟು ಬರುವ ಹೊತ್ತಿಗೆ ತಾಯಿ ಮನೆಯಲ್ಲಿರುತ್ತಾಳೆ. ಶಶಿಧರ ಸಜ್ಜನ. ಕೈಯಲ್ಲಿರುವುದನ್ನು ಈಗ ಕೊಡಲಿ, ತೆರಿಗೆಗೆ ಹಿಡಿದದ್ದು ವಾಪಸ್ ಬರುವುದು ಖಾತ್ರಿಯಾದರೆ ಉಳಿದದ್ದಕ್ಕೆ ಕಾಯುತ್ತೇನೆ, ಆದರೆ ತಿಂಗಳು ದಾಟಿದರೆ ಹುಬ್ಬಳ್ಳಿಯ ಇನ್ನೊಬ್ಬ ಗಿರಾಕಿಗೆ ಕೊಟ್ಟುಬಿಡುತ್ತೇನೆ ಎಂದಿದ್ದ. ಕೈಯಲ್ಲಿರುವುದೇನು? ಅತ್ತೆ ಮುಟ್ಟಬಾರದೆಂದ ಬಡ್ಡಿ. ತರನ್ನುಮ ಎಂದಿನಂತೆ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಹೋದಳು.

ಮೇ ತಿಂಗಳ ಕೊನೆ. ಇವರ ತೆರಿಗೆಯ ಕೆಲಸ ನೋಡುತ್ತಿದ್ದ ಅನುರಾಧಾ ಬೆಳಗಾವಿಯ ಟಿಳಕವಾಡಿಯಿಂದ ತರನ್ನುಮಳಿಗೆ ಫೋನು ಮಾಡಿ ಅತ್ತೆಯನ್ನೂ ಕರೆತರಲು ಹೇಳಿದಳು. ಕರೀಮುನ್ನಿಸಾ ಬುರ್ಖಾ ಹಾಕಿಕೊಂಡು, ಜಗಳಕ್ಕೆ ತಯಾರಾಗಿಯೇ ಹೋದಳು. ಅನುರಾಧಾ ಚಹಾ ತರಿಸಿ, ನಿಧಾನವಾಗಿ ಬಿಡಿಸಿ ಹೇಳಿದಳು. ಜೀವಕ್ಕೆ ಬದಲಾಗಿ ಕೊಟ್ಟ ಪರಿಹಾರ ಗಳಿಕೆಯಲ್ಲ, ಅದಕ್ಕೆ ತೆರಿಗೆ ಇಲ್ಲ. ಸರ್ಕಾರ ಗಳಿಕೆಯೆಂದು ನೋಡುವುದು ಅದರ ಬಡ್ಡಿಯನ್ನು ಮಾತ್ರ. ಅದರಲ್ಲೂ ಅರ್ಧವನ್ನು ಕಾನೂನೇ ಬಿಟ್ಟುಕೊಡುತ್ತದೆ. ಉಳಿದರ್ಧಕ್ಕೆ, ನಿಮ್ಮಂಥ ಸಣ್ಣ ದುಡಿಮೆಯವರಿಗೆ, ತೆರಿಗೆಯೇ ಹತ್ತುವುದಿಲ್ಲ. ಕಂಪನಿ ಹಿಡಿದದ್ದನ್ನೆಲ್ಲ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು.

ಕರೀಮುನ್ನಿಸಾಳಿಗೆ ಇದರಲ್ಲಿ ಹಿಡಿಸಿದ್ದು ಒಂದೇ ಮಾತು. ಅಸಲು ಬೇರೆ, ಬಡ್ಡಿ ಬೇರೆ ಎಂದು ಸರ್ಕಾರವೂ ಗೆರೆ ಎಳೆದಿದೆ. ತನ್ನ ಅಪ್ಪ ಹೇಳಿದ್ದಕ್ಕೂ ದಿಲ್ಲಿಯವರು ಹೇಳುವುದಕ್ಕೂ ತಾಳೆಯಾಯಿತಲ್ಲ ಎಂದು ಹಿಗ್ಗಿ, ಸೊಸೆಯ ಕಡೆ ಗೆದ್ದವಳಂತೆ ನೋಡಿದಳು. ಬಡ್ಡಿಯನ್ನು ಸರ್ಕಾರ ತಿಂದಷ್ಟು ತಿನ್ನಲಿ, ಉಳಿದದ್ದು ಫಿನೈಲಿಗೆ ಎಂದು ಘೋಷಿಸಿದಳು. ಅಷ್ಟು ಫಿನೈಲು ಸುರಿದರೆ ಖಾನಾಪುರವೇ ಜಾರಿ ಮಲಪ್ರಭಾ ಸೇರೀತು ಎಂದು ಅನುರಾಧಾ ನಕ್ಕಳು. ಆಮೇಲೆ ನಗು ಬಿಟ್ಟು, ಮೆಲ್ಲಗೆ ಮಾತಾಡಿದಳು.

"ಅಜ್ಜಿ, ಇದು ನೀವು ಸಾಲಾ ಕೊಟ್ಟು ತಗೊಂಡ ಬಡ್ಡಿ ಅಲ್ಲರಿ. ನಿಮಗ ಕೊಡೂದು ತಡಾ ಮಾಡಿದ್ರಲ್ಲ, ಅದಕ್ಕ ಕೊಟ್ಟಿದ್ದು. ಇದೂ ಪರಿಹಾರದ ಒಂದು ಪಾಲೇ ಅಂತ ಕೆಲವು ಹೈಕೋರ್ಟಿನವರೂ ಹೇಳ್ಯಾರ. ಕಾಗದದಾಗ ಬಡ್ಡಿ ಅಂತ ಬರದಾರ, ಅಷ್ಟ."

ಕರೀಮುನ್ನಿಸಾ ತಲೆ ಕೊಡವಿದಳು. ಬೇವಿಗೆ ಮಾವು ಅಂದರೆ ಸಿಹಿಯಾಗುತ್ತದೆಯೇ ಎಂದಳು. ಅನುರಾಧಾ ಒತ್ತಾಯ ಮಾಡಲಿಲ್ಲ. ವಿಮಾ ಕಂಪನಿ ಯಾರ ಹೆಸರಿನಲ್ಲಿ ಎಷ್ಟು ಹಿಡಿದೆವು ಎಂಬ ಪಟ್ಟಿಯನ್ನು ನಾಳೆ ಸಂಜೆ ಸರ್ಕಾರಕ್ಕೆ ಕಳಿಸುತ್ತದೆ, ಅದರಲ್ಲಿ ಅಜ್ಜಿಯ ಪ್ಯಾನ್ ಸೇರದಿದ್ದರೆ ಹಿಡಿದ ಹಣ ಯಾರದೆಂದೇ ಗೊತ್ತಾಗದೆ ಆಮೇಲೆ ಬಿಡಿಸಿಕೊಳ್ಳಲು ಚಪ್ಪಲಿ ಸವೆಯುತ್ತದೆ ಎಂದಷ್ಟೇ ಎಚ್ಚರಿಸಿದಳು.  ವಾಪಸ್ ಬರುವಾಗ ಆ ತಿರುವಿನಲ್ಲಿ ಸೊಸೆ ಕಣ್ಣು ಮುಚ್ಚಿದ್ದನ್ನು ಕರೀಮುನ್ನಿಸಾ ಮೊದಲ ಸಲ ತನ್ನ ಕಣ್ಣಾರೆ ಕಂಡಳು.

ಮನೆಗೆ ಬಂದರೆ ಜಗಲಿಯ ಮೇಲೆ ಹಾಲು ಮಾರುವ ಮಾಯವ್ವ ಕಾಲು ಚಾಚಿ ಕೂತಿದ್ದಳು. ದಿಂಬು ಹೊಲಿಯಲು ಕೊಟ್ಟು ವಾರಗಳೇ ಆಗಿದ್ದವು. ಕರೀಮುನ್ನಿಸಾ ಅವಸರದಿಂದ ಕೂತು ಕೊನೆಯ ಹೊಲಿಗೆ ಹಾಕತೊಡಗಿದಳು. ತಡದ ಹಿಡಿ ಹಾಕಿದ್ದೀಯೋ ಇಲ್ಲವೋ ಎಂದು ಮಾಯವ್ವ ಕೇಳಿದಳು. ದಿನವಿಡೀ ಬಡ್ಡಿಯ ಮಾತೇ ಕೇಳಿ ತಲೆ ಚಿಟ್ಟು ಹಿಡಿದಿದ್ದ ಕರೀಮುನ್ನಿಸಾ, ನೀನೂ ಬಡ್ಡಿ ಕೇಳಲು ಬಂದೆಯಾ ಎಂದು ಸಿಡುಕಿದಳು.

ಮಾಯವ್ವ ಬಿಡುವ ಪೈಕಿಯಲ್ಲ.

"ಬಡ್ಡಿ ಯಾಕ ಅಂತೀಯ ಕರೀಮಾ? ನಾ ನಿನಗೇನ ಸಾಲಾ ಕೊಟ್ಟೀನೇನು? ಇಷ್ಟು ದಿನ ತೆಲಿ ಕೆಳಗ ಕೈ ಇಟಗೊಂಡು ಮಲಗೀನಿ. ಆ ಕೈ ನೋವಿಂದು ಕೇಳಾಕತ್ತೀನಿ."

ಕರೀಮುನ್ನಿಸಾಳ ಸೂಜಿ ಅರ್ಧ ದಾರಿಯಲ್ಲೇ ನಿಂತಿತು. ಕೈ ತಾನಾಗಿಯೇ ಚೀಲಕ್ಕೆ ಹೋಗಿ ಒಂದು ಹಿಡಿ ಅರಳೆ ಹಿಡಿದುಕೊಂಡಿತ್ತು, ಅದನ್ನೇ ನೋಡುತ್ತ ಕೂತುಬಿಟ್ಟಳು. ಗೌಸಸಾಬ ಜನ್ಮವಿಡೀ ಇದನ್ನು ಕೊಟ್ಟ. ಐದು ಹೊತ್ತು ನಮಾಜು ಬಿಡದ ಮನುಷ್ಯ, ಬಡ್ಡಿಯ ನೆರಳನ್ನೂ ತುಳಿಯದವನು, ಇದನ್ನು ಒಮ್ಮೆಯಾದರೂ ಬಡ್ಡಿ ಎಂದಿದ್ದನೇ? ತಾನು ಅವನೊಡನೆ ಎಷ್ಟು ಜಗಳವಾಡಿದರೂ ಈ ಹೆಸರು ತನ್ನ ಬಾಯಿಗೂ ಬಂದಿರಲಿಲ್ಲ. ಲಾರಿಯವನಿಗೆ ತಾನು ಸಾಲ ಕೊಟ್ಟಿರಲಿಲ್ಲ. ಮಗನನ್ನು ಕಳೆದುಕೊಂಡು, ಸೊಸೆಯನ್ನು ಆ ಬಸ್ಸಿಗೆ ಹತ್ತಿಸಿ, ವರ್ಷಗಟ್ಟಲೆ ಕೋರ್ಟಿನ ಕಟ್ಟೆಯ ಮೇಲೆ ಕಾದಿದ್ದಳು, ಅಷ್ಟೇ.  ಹಿಡಿಯಲ್ಲಿದ್ದ ಅರಳೆಯನ್ನು ಮಾಯವ್ವನ ದಿಂಬಿಗೆ ತುಂಬಿ, ಇನ್ನೊಂದು ಹಿಡಿಯನ್ನೂ ತುರುಕಿ, ಹೊಲಿದು ಅವಳ ಮಡಿಲಿಗೆ ಎಸೆದಳು. ಇವತ್ತೇನು ಧಾರಾಳ ಎಂದು ಮಾಯವ್ವ ಬೆರಗಾಗಿ ಎದ್ದು ಹೋದಳು.

ಅಲ್ಲಿಂದ ಮುಂದೆ ಕರೀಮುನ್ನಿಸಾಳನ್ನು ಹಿಡಿಯುವವರಿರಲಿಲ್ಲ. ತನಗೆ ಬರಬೇಕಾದ ತಡದ ಹಿಡಿಗೆ ಸರ್ಕಾರ ಕೈ ಹಾಕಿದೆ! ಅದೂ ತಾನೇ ಚೀಲದ ಬಾಯಿ ಬಿಚ್ಚಿ ಹಿಡಿದು, ಇನ್ನಷ್ಟು ತಗೋ ಎಂದಿದ್ದಾಳೆ! ಒಲೆಯ ಮೇಲಿನ ಸಾರು ಉಕ್ಕಿತು, ನೋಡಲಿಲ್ಲ. ಮರುದಿನ ಬೆಳಗಾಗುವುದೇ ತಡ, ತರನ್ನುಮಳಿಗೆ ಕೆಲಸಕ್ಕೆ ರಜೆ ಹಾಕಿಸಿ, ಅಲಿಶಾಳನ್ನು ಮಾಯವ್ವನ ಮನೆಯಲ್ಲಿ ಬಿಟ್ಟು, ಟ್ರಂಕಿನ ಮೇಲಿನ ತಲೆದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ನಿಲ್ದಾಣಕ್ಕೆ ಓಡಿದಳು. ಆ ದಿಂಬು ಯಾಕೆ ಎಂದು ತರನ್ನುಮ ದಾರಿಯುದ್ದಕ್ಕೂ ಕೇಳಿದಳು. ನಡಿ, ಹೇಳ್ತೀನಿ ಎನ್ನುತ್ತ ಅತ್ತೆ ಮುಂದೆ ಮುಂದೆ ಹೋದಳು. ಕಂಡಕ್ಟರು ದಿಂಬಿಗೂ ಟಿಕೆಟ್ಟು ತಗೊಳ್ಳಿ ಎಂದು ಚೇಷ್ಟೆ ಮಾಡಿದ. ಬಸ್ಸಿನವರೆಲ್ಲ ನಕ್ಕರು, ಕರೀಮುನ್ನಿಸಾ ಮಾತ್ರ ದಿಂಬನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

ಬಸ್ಸು ಊರು ದಾಟಿದ ಮೇಲೆ ಅವಳು ಬಾಯಿ ಬಿಟ್ಟಳು. ಕಾರ್ಡು ಕಳೆದಿರಲಿಲ್ಲ, ತಾನೇ ಬಚ್ಚಿಟ್ಟದ್ದು, ಇದರೊಳಗೇ ಇದೆ ಎಂದಳು. ಮನೆಯಲ್ಲೇ ಬಿಚ್ಚಲು ಕತ್ತರಿ ಹಿಡಿದಿದ್ದೆ, ಕೈ ಏಳಲಿಲ್ಲ ಎಂದಳು. ತರನ್ನುಮಳ ಮುಖ ಕೆಂಪೇರಿತು. ಅಕ್ಕಿಯ ಡಬ್ಬಿಯನ್ನೂ ಸುರುವಿ ಹುಡುಕಿದ್ದಳಲ್ಲ. ಆ ತಿರುವು ಬರುವವರೆಗೂ ಕಿಟಕಿಯ ಕಡೆಗೇ ತಿರುಗಿ ಕೂತಳು. ತಿರುವಿನಲ್ಲಿ ಕಣ್ಣು ಮುಚ್ಚಿದಾಗ ಕರೀಮುನ್ನಿಸಾ ಅವಳ ಕೈ ಹಿಡಿದುಕೊಂಡಳು. ತರನ್ನುಮ ಬಿಡಿಸಿಕೊಳ್ಳಲಿಲ್ಲ.

ಬೆಳಗಾವಿಯಲ್ಲಿ ಇಳಿದ ಮೇಲೆ ಅನುರಾಧಾ ಜೊತೆಗೂಡಿದಳು. ವಿಮಾ ಕಂಪನಿಯ ಕಚೇರಿಯಲ್ಲಿ ಸುಜಯ ಎಂಬ ಎಳೆಯ ಅಧಿಕಾರಿ ಆ ಪಟ್ಟಿಯನ್ನೇ ಕಂಪ್ಯೂಟರಿನಲ್ಲಿ ತೆರೆದು ಕೂತಿದ್ದ. ಇನ್ನೇನು ಕಳಿಸುವುದೇ ಬಾಕಿ. ಕರೀಮುನ್ನಿಸಾಳ ಹೆಸರಿನ ಮುಂದೆ ಪ್ಯಾನ್ ಇಲ್ಲ ಎಂಬುದನ್ನು ತೋರಿಸಿ, ಕಾರ್ಡು ತಂದಿದ್ದೀರಾ ಎಂದು ಕೇಳಿದ. ಅವಳು ಅವನ ಮೇಜಿನ ಮೇಲೆ ದಿಂಬು ಇಟ್ಟಳು. ಸುಜಯ ದಿಂಬು ನೋಡಿದ, ಅವಳನ್ನು ನೋಡಿದ, ಮತ್ತೆ ದಿಂಬು ನೋಡಿದ. ಮಲಗಲಿಕ್ಕಲ್ಲ ತಮ್ಮಾ, ಕಾರ್ಡು ಒಳಗದ ಎಂದಳು ಕರೀಮುನ್ನಿಸಾ.

ಅನುರಾಧಾ ಕತ್ತರಿ ತಂದುಕೊಟ್ಟಳು. ಕರೀಮುನ್ನಿಸಾ ಹೊಲಿಗೆಯ ಮೇಲೆ ಅದನ್ನು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಸಾವಿರ ದಿಂಬು ಬಿಚ್ಚಿದವಳಿಗೆ ಇದೊಂದನ್ನು ಬಿಚ್ಚಲಾಗಲಿಲ್ಲ. ಆಗ ತರನ್ನುಮ ಕತ್ತರಿ ತಗೊಂಡು, ಒಂದೊಂದೇ ಎಳೆಯನ್ನು ಜೋಪಾನವಾಗಿ ಕತ್ತರಿಸಿದಳು. ಗೌಸಸಾಬ ಹಿಂಜಿದ ಅರಳೆ ಇಷ್ಟು ವರ್ಷ ಕಳೆದರೂ ಹಗುರಾಗಿಯೇ ಇತ್ತು. ಮೇಲೆ ಫ್ಯಾನು ಬೇರೆ ತಿರುಗುತ್ತಿತ್ತು. ಬಾಯಿ ತೆರೆದದ್ದೇ ತಡ, ಅರಳೆ ಗಾಳಿಗೆ ಎದ್ದು ಕಚೇರಿಯ ತುಂಬ ಹಾರಾಡಿತು. ಫೈಲುಗಳ ಮೇಲೆ, ಕಂಪ್ಯೂಟರಿನ ಮೇಲೆ, ಸುಜಯನ ತಲೆಯ ಮೇಲೆ ಕೂತಿತು. ಯಾರೋ ಫ್ಯಾನು ಆರಿಸಲು ಓಡಿದರು, ಇನ್ನಾರೋ ಸೀನತೊಡಗಿದರು. ಆ ಗದ್ದಲದ ನಡುವೆ ತರನ್ನುಮ ಮೊಣಕೈವರೆಗೆ ಕೈ ಹಾಕಿ ಕಾರ್ಡು ಎಳೆದು ತೆಗೆದಳು. ಕರೀಮುನ್ನಿಸಾಳಿಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಸುಜಯ ಮೂಗು ಒರೆಸಿಕೊಳ್ಳುತ್ತಲೇ ಸಂಖ್ಯೆ ಹೊಡೆದು, ಹೆಸರು ತಾಳೆ ನೋಡಿ, ಅವರ ಎದುರಿಗೇ ಪಟ್ಟಿ ಕಳಿಸಿದ. ಅತ್ತೆ ಸೊಸೆ ನೆಲದ ಮೇಲೆ ಕೂತು, ಹಾರಿದ ಅರಳೆಯನ್ನೆಲ್ಲ ಆರಿಸಿ ದಿಂಬಿಗೆ ತುಂಬಿಕೊಂಡರು. ಕಚೇರಿಯ ಜವಾನನೂ ಕಪಾಟಿನ ಹಿಂದಿದ್ದ ಒಂದು ಎಳೆ ತಂದುಕೊಟ್ಟ.

ಅಂದೇ ಅವರು ಶಶಿಧರನ ಅಂಗಡಿಗೆ ಹೋಗಿ ಮುಂಗಡ ಕೊಟ್ಟರು. ಮಷೀನು ಟೆಂಪೊ ಏರಿ ಖಾನಾಪುರಕ್ಕೆ ಬಂದ ದಿನ ಓಣಿಯೇ ಹಬ್ಬಕ್ಕೆ ನೆರೆದಂತೆ ನೆರೆಯಿತು. ಅನುರಾಧಾ ಇಬ್ಬರ ರಿಟರ್ನೂ ಸಲ್ಲಿಸಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಹಿಡಿದದ್ದೆಲ್ಲ ವಾಪಸ್ ಬಂತು, ಶಶಿಧರನ ಬಾಕಿ ತೀರಿತು. ಇಷ್ಟು ದಿನ ಕಾದನಲ್ಲ ಎಂದು ಕರೀಮುನ್ನಿಸಾ ಅವನಿಗೊಂದು ಅರಳೆಯ ದಿಂಬು ಹೊಲಿದುಕೊಟ್ಟಳು. ಫೋಮು ಮಾರುವವನು ಈಗ ಅರಳೆಯ ಮೇಲೆ ಮಲಗುತ್ತಾನೆ, ಗಿರಾಕಿಗಳಿಗೆ ಮಾತ್ರ ಹೇಳುವುದಿಲ್ಲ. ವಾಪಸ್ ಬಂದ ಹಣದ ಜೊತೆ ಸರ್ಕಾರವೂ ಚೂರು ಬಡ್ಡಿ ಹಾಕಿತ್ತು. ಇದೂ ತಡದ್ದೇ ಎಂದು ಅನುರಾಧಾ ಹೇಳಿದಾಗ ಕರೀಮುನ್ನಿಸಾ ಜಂಬದಿಂದ ತಲೆಯಾಡಿಸಿದಳು. ಬ್ಯಾಂಕಿನ ಬಡ್ಡಿಯನ್ನೇನೂ ಅವಳು ಕ್ಷಮಿಸಿಲ್ಲ, ಅದು ಈಗಲೂ ಫಿನೈಲಿಗೇ ಹೋಗುತ್ತದೆ. ಠೇವಣಿಯ ಬಡ್ಡಿಯೂ ಸೇರಿ ಬಸ್ ನಿಲ್ದಾಣದ ಶೌಚಾಲಯ ಘಮಘಮ ಎನ್ನುತ್ತಿದೆ.

ಮರುವರ್ಷದ ಬಜೆಟ್ಟಿನಲ್ಲಿ, ಅಪಘಾತದ ಪರಿಹಾರದ ಮೇಲೆ ನ್ಯಾಯಮಂಡಳಿ ಕೊಡಿಸುವ ಬಡ್ಡಿಗೆ ಇನ್ನು ತೆರಿಗೆ ಇಲ್ಲ, ಮೊದಲೇ ಹಿಡಿಯುವುದೂ ಇಲ್ಲ ಎಂದು ಸರ್ಕಾರ ಹೇಳಿತು. ಅನುರಾಧಾ ಫೋನಿನಲ್ಲಿ ಸುದ್ದಿ ಮುಟ್ಟಿಸಿದಳು. ಗೌಸಸಾಬನ ಮಾತು ದಿಲ್ಲಿಗೆ ಮುಟ್ಟಲು ಇಷ್ಟು ಕಾಲ ಬೇಕಾಯಿತೇ ಎಂದು ಕರೀಮುನ್ನಿಸಾ ಓಣಿಯ ತುಂಬ ಹೇಳಿಕೊಂಡು ತಿರುಗಿದಳು.

ಆದರೆ ಹೇಳಬೇಕಾದದ್ದು ಮಷೀನು ಬಂದ ದಿನದ ಮಾತು. ಮೊದಲು ಯಾವ ಅರಳೆ ಹಾಕೋಣ ಎಂದು ತರನ್ನುಮ ಕೇಳಿದಳು. ಕರೀಮುನ್ನಿಸಾ ಅಮ್ಜದನ ದಿಂಬು ತಂದು ಮುಂದೆ ಇಟ್ಟಳು. ಗುಂಡಿ ಒತ್ತಿದರು. ಯಂತ್ರ ಗುಡುಗಿತು, ಅರಳೆ ಹಾಲಿನ ನೊರೆಯಂತೆ ಹೊರಬಂತು. ಕರೀಮುನ್ನಿಸಾ ದಿಂಬಿನ ಹೊಸ ಖೋಳಿಗೆ ಅದನ್ನೆಲ್ಲ ತುಂಬಿ, ತನ್ನ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಹೊಸ ಅರಳೆ ತೆಗೆದು ಮೇಲೆ ಸೇರಿಸಿದಳು.

ಇದು ಯಾರ ಪಾಲಿನ ತಡದ ಹಿಡಿ ಎಂದು ತರನ್ನುಮ ನಗುತ್ತ ಕೇಳಿದಳು.

"ನಿಂದವ್ವಾ. ಆ ರಸ್ತಾದ ಮ್ಯಾಲೆ ನಿನ್ನ ಇಷ್ಟು ದಿನ ಓಡ್ಯಾಡಿಸಿದಾಕಿ ನಾನ ಅಲ್ಲೇನು?"

ತರನ್ನುಮ ದಿಂಬನ್ನು ಎರಡೂ ಕೈಯಲ್ಲಿ ತಗೊಂಡು ಎದೆಗೆ ಒತ್ತಿಕೊಂಡಳು. ಉದ್ಯಮಬಾಗಕ್ಕೆ ಹೋಗುವ ಬಸ್ಸು ರಸ್ತೆಯಲ್ಲಿ ಹಾರ್ನು ಹಾಕುತ್ತ ಹೋಯಿತು. ಅಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಜಗಲಿಯ ಮೇಲೆ ಆ ದಿಂಬು ಇಟ್ಟುಕೊಂಡು ಅಲಿಶಾಳ ಬಾಜು ಮಲಗಿದಳು. ಸಂಜೆಯ ಚಹಾದವರೆಗೆ ಕರೀಮುನ್ನಿಸಾ ಅವಳನ್ನು ಎಬ್ಬಿಸಲಿಲ್ಲ.